ಕೆಂಪು ಡಬ್ಬಿಯ ಕಾಡತೂಸು

ನಿಮ್ಮ ಗೇಟಿನ ಹೊರಗೆ, ಮಂಗೋರ್ ಹಿಲ್
ಶನಿವಾರ, ೯ ಮಾರ್ಚ್ ೧೯೯೧

ಸುಬೇದಾರ ಸಾಹೇಬರ ಪಾದಗಳಿಗೆ ಹೊಳೆಪ್ಪನ ಶರಣು.

ಈ ಚೀಟಿ ಓದುವ ಮೊದಲು ರಿವಾಲ್ವರ್ ಕೆಳಗಿಡಿರಿ. ಓದಿದ ಮೇಲೂ ಎತ್ತಬೇಡಿರಿ.

ಗುರುವಾರ ನಿಮ್ಮ ಮ್ಯಾಗ್ನಂ ರಿವಾಲ್ವರಿನ ಖಾಲಿ ಕಾಡತೂಸುಗಳಿಗೆ ಮದ್ದು ತುಂಬುತ್ತ ಕುಳಿತಿದ್ದೆ. "ಹೊಳೆಪ್ಪಾ, ಮದ್ದು ತುಂಬೂ ಮುಂದ ರಾಜ ಆಗಬ್ಯಾಡೋ, ಹೊಳೆಪ್ಪನಾಗೇ ಇರು" ಎಂದು ನಕ್ಕು ನೀವು ಒಳಗೆ ಹೋದಿರಿ. ನಾನು ರಾಜನಾದೆ. ಸಡಾ ಬಡಾವಣೆಯಲ್ಲಿ ನಾವು ಆಡಲಿರುವ ನಾಟಕದಲ್ಲಿ ರಾಜನ ಪಾತ್ರ ನನ್ನದು; ಅವನ ಸಿಂಹಾಸನದ ಮಾತು ಬಾಯಿಗೆ ಬಂತು, ಬಲಗೈ ತಾನಾಗಿಯೇ ಮೇಲೆದ್ದಿತು. ಇಳಿದ ಕೈ, ಆಗಲೇ ತುಂಬಿದ್ದ ಕಾಡತೂಸಿಗೇ ಮತ್ತೊಮ್ಮೆ ಮದ್ದು ಸುರಿಯಿತು. ಇಂದು ಮುಂಜಾನೆ ಬಚ್ಚಲಲ್ಲಿ ಅದೇ ಮಾತು ಹೇಳಿ ಅದೇ ಕೈ ಎತ್ತಿದಾಗ ಅದು ನೆನಪಾಗಿ ಇಲ್ಲಿಗೆ ಓಡಿದೆ.

ಯಾವುದೆಂದು ಕೇಳಬೇಡಿರಿ. ಗುಂಡು ಕೂಡಿಸಿದ ಮೇಲೆ ಅವೆಲ್ಲ ಬಣ್ಣ ಹಚ್ಚಿದ ನಟರಂತೆ, ಒಂದೇ ಮುಖ. ಎರಡು ಪಾಲು ಮದ್ದಾದರೆ ರಿವಾಲ್ವರ್ ಕೈಯಲ್ಲೇ ಸಿಡಿಯುತ್ತದೆಂದು ಹೇಳಿಕೊಟ್ಟವರು ನೀವೇ.

ಬಾಗಿಲವರೆಗೂ ಬಂದಿದ್ದೆ. ಹತ್ತು ಗಂಟೆಯ ಗುರಿ ಹೊಡೆಯುವ ಸ್ಪರ್ಧೆಗೆ ನೀವು ಬೂಟು ಹಾಕಿಕೊಳ್ಳುತ್ತಿದ್ದಿರಿ. ಸಾವಿರ ಜನಕ್ಕೆ ಕೇಳಿಸುವ ನನ್ನ ಗಂಟಲಿನಿಂದ "ಸಾಹೇಬ್ರ" ಎಂಬ ಒಂದು ಮಾತು ಹೊರಡಲಿಲ್ಲ. ಅದಕ್ಕೇ ಈ ಚೀಟಿ ಕೊಟ್ಟು ಹೆಂಡತಿ ಚಂದವ್ವನನ್ನು ಕಳಿಸಿದ್ದೇನೆ.

ಗುರುವಾರ ತುಂಬಿದ ಕಾಡತೂಸುಗಳನ್ನೆಲ್ಲ ಇಟ್ಟಿರುವ ಕೆಂಪು ಡಬ್ಬಿಯನ್ನು ಮುಚ್ಚಿ ಅವಳ ಕೈಗೆ ಕೊಡಿರಿ. ಕೊಡುವ ತನಕ ಅವಳು ನಿಮ್ಮ ಹೊಸ್ತಿಲು ಬಿಟ್ಟು ಏಳುವುದಿಲ್ಲ.

ಆಮೇಲೆ ಹೊರಗೆ ಬಂದು ನನ್ನನ್ನು ಹೊಡೆಯಿರಿ, ಎರಡೂ ಕೈಯಿಂದ. ಇಲ್ಲೇ ನಿಂತಿದ್ದೇನೆ.

ನಿಮ್ಮ
ಹೊಳೆಪ್ಪ