ಅಕ್ಕ ಕೆಳಗಿಡದ ಲೋಟ

ಸಮುದ್ರದ ನೀರಿನಿಂದ ಉಪ್ಪು ತೆಗೆದು, ಆ ನೀರನ್ನು ಊರಿಗೆ ಹಂಚುವ ಸ್ಥಾವರದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವು ನನ್ನ ಅಕ್ಕನನ್ನು ಸುಳ್ಳುಗಾರ್ತಿ ಮಾಡಿದ್ದೀರಿ. ಉಳಿದ ದೂರುಗಳೆಲ್ಲ ಇದರ ಹಿಂದೆ ಸಾಲುಗಟ್ಟಿ ನಿಲ್ಲಲಿ. ನಲ್ಲಿಯಲ್ಲಿ ಉಪ್ಪುನೀರು ಬರುತ್ತಿದೆ ಎಂದು ನಮ್ಮ ಬೀದಿಯವರು ತಮ್ಮ ಘನ ಕಚೇರಿಗೆ ಈಗಾಗಲೇ ಅರ್ಜಿ ಕೊಟ್ಟಾಗಿದೆ. ‘ಪರಿಶೀಲಿಸಲಾಗಿ, ಸದರಿ ನೀರು ಕುಡಿಯಲು ಯೋಗ್ಯವಾಗಿರುತ್ತದೆ’ ಎಂದು ತಮ್ಮಿಂದ ಅಪ್ಪಣೆಯೂ ಆಗಿದೆ. ಯೋಗ್ಯತೆಯ ಮಾತು ನಿಮ್ಮ ಕಚೇರಿಗೆ ಎಷ್ಟು ಸಲೀಸು! ಆದ್ದರಿಂದ ಅರ್ಜಿಯ ಗೊಡವೆ ಬಿಟ್ಟು, ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ನಾನು ನಿಮ್ಮ ಸ್ಥಾವರದ ಗೇಟಿನಿಂದ ಕಡಲ ಕಡೆಗೆ ಇಳಿಯುವ ಬೀದಿಯಲ್ಲಿ ಸಲೂನು ಇಟ್ಟುಕೊಂಡಿರುವವನು. ನನ್ನ ನೆನಪು ನಿಮಗಿರಲಿಕ್ಕಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆದರೆ ಅಕ್ಕನನ್ನು ನೀವು ಮರೆಯುವಂತಿಲ್ಲ. ನಿಮ್ಮ ಸ್ಥಾವರ ಸಮುದ್ರದಿಂದ ಹೀರುವ ಪ್ರತಿಯೊಂದು ಹನಿಯೂ ಅವಳ ಹಿತ್ತಲಿನ ಅಡಿಯಿಂದ ಹಾದು ನಿಮ್ಮ ಹತ್ತಿರ ಬರುತ್ತದೆ.

ಆ ಹಿತ್ತಲಲ್ಲಿ ಒಂದು ಬಾವಿ ಇತ್ತು. ಕಡಲು ಕೂಗಳತೆಯಲ್ಲಿದ್ದರೂ ಬಾವಿಯ ನೀರು ಸಿಹಿ. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ಸಿಹಿಯಾಗಿರುವುದನ್ನು ಯಾರಾದರೂ ಯಾಕೆ ಪ್ರಶ್ನೆ ಮಾಡುತ್ತಾರೆ? ಇಡೀ ಬೀದಿ ಅಲ್ಲೇ ನೀರು ಸೇದುತ್ತಿತ್ತು. ಅಕ್ಕ ಹಿತ್ತಲ ಬಾಗಿಲಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು, ಹರಿದ ಬಟ್ಟೆ ಹೊಲಿಯುತ್ತ, ಕೊಡ ಹಿಡಿದು ಬಂದವರಿಗೆಲ್ಲ ಕೇಳದಿದ್ದರೂ ಬುದ್ಧಿ ಹೇಳುತ್ತ ಕೂತಿರುತ್ತಿದ್ದಳು. ಎಲ್ಲರಿಗೂ ಅವಳು ‘ಬಾವಿಯಕ್ಕ’. ಸಂಜೆಗೆ ಕೊಡುತ್ತೇನೆ ಎಂದ ಬಟ್ಟೆಯನ್ನು ಸಂಜೆಗೇ ಕೊಡುವ ದರ್ಜಿ ಜಗತ್ತಿನಲ್ಲಿ ಇದ್ದರೆ ಅದು ಅವಳೊಬ್ಬಳೇ. ಹಾಗಾಗಿ ಬೀದಿಯಲ್ಲಿ ಅವಳ ಮಾತೆಂದರೆ ಮಾತು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೂ ಅವಳೇ, ಆದ್ದರಿಂದ ಈ ಪತ್ರದಲ್ಲಿ ನಿಷ್ಪಕ್ಷಪಾತವನ್ನು ದಯವಿಟ್ಟು ಹುಡುಕಬೇಡಿ.

ನಿಮ್ಮ ಕೊಳವೆಯ ದಾರಿಗೆ ಆ ಬಾವಿ ಅಡ್ಡ ಬಂತು. ಮುಚ್ಚಲು ಬೀದಿಯವರು ಒಪ್ಪಲಿಲ್ಲ. ಆಗ ನೀವೇ ಖುದ್ದಾಗಿ ಬಂದಿರಿ. ಪೊಲೀಸರನ್ನು ತರಲಿಲ್ಲ, ಜೋರು ಮಾಡಲಿಲ್ಲ. ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಜಗಳವಾಡಿ ಸೋತಿದ್ದರೂ ಮರ್ಯಾದೆ ಉಳಿಯುತ್ತಿತ್ತು. ನೀವು ಶೂ ಬಿಚ್ಚಿಟ್ಟು ಬಾವಿಕಟ್ಟೆಯ ಮೇಲೆ ಕೂತು ನೀರು ಕೇಳಿದಿರಿ. ಕುಡಿದು, ಇನ್ನೊಂದು ಲೋಟ ಕೇಳಿದಿರಿ.

“ಅಕ್ಕಾ, ಇಂಥಾ ನೀರು ನಾನೆಲ್ಲೂ ಕುಡಿದಿಲ್ಲ. ನನ್ನನ್ನೂ ನಿಮ್ಮ ತಮ್ಮ ಅಂತ ತಿಳ್ಕೊಳ್ಳಿ. ಇದೇ ರುಚಿಯ ನೀರು ಮೊದಲು ನಿಮ್ಮ ಬೀದಿಗೆ ಬರುತ್ತೆ, ಆಮೇಲೆ ಮಿಕ್ಕವರಿಗೆ” ಎಂದಿರಿ.

ಪಕ್ಕದಲ್ಲೇ ಇದ್ದ ನಾನು, “ಬರ್ಕೊಡ್ತೀರಾ ಸಾರ್?” ಎಂದೆ. ಅಕ್ಕ ನನ್ನ ಮೇಲೆ ಹರಿಹಾಯ್ದಳು. “ಸುಮ್ನಿರೋ! ಅಕ್ಕ ಅಂದವರ ಹತ್ರ ಯಾರಾದ್ರೂ ಬರೆಸ್ಕೊಳ್ತಾರೇನೋ?”

ನೀವು ನಕ್ಕಿರಿ. ಅವತ್ತೇ ಅವಳು ಅಳತೆ ಟೇಪು ಕೊರಳಲ್ಲಿದ್ದ ಹಾಗೇ ಮನೆಮನೆಗೆ ಹೋಗಿ, “ನಾನು ಹೇಳ್ತಿದೀನಿ, ಒಪ್ಕೊಳ್ಳಿ” ಎಂದಳು. ಬೀದಿ ಒಪ್ಪಿತು. ಮಾನ್ಯರೇ, ಬೀದಿ ನಿಮ್ಮನ್ನು ನಂಬಲಿಲ್ಲ, ಅವಳನ್ನು ನಂಬಿತು. ಬಾವಿಗೆ ಮಣ್ಣು ಬಿತ್ತು.

ಇದ್ದದ್ದನ್ನು ಇಲ್ಲ ಎನ್ನಬಾರದು, ನೀರು ಬಂತು. ಸ್ಥಾವರವನ್ನು ಜನರಿಗೆ ತೋರಿಸಿದ ದಿನ ನಾನೂ ಹೋಗಿ ನೋಡಿದ್ದೇನೆ. ಕಡಲನ್ನು ಕೊಳವೆಗೆ ತುಂಬಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಪೊರೆಯ ಮೂಲಕ ಒತ್ತಿ, ಉಪ್ಪನ್ನು ಆಚೆಗೆ ನಿಲ್ಲಿಸಿ ನೀರನ್ನಷ್ಟೇ ಈಚೆಗೆ ತರುವ ಆ ವಿದ್ಯೆಗೆ ಕೈಮುಗಿಯುತ್ತೇನೆ. ಮೊದಲ ದಿನ ಆ ನೀರಲ್ಲಿ ಬ್ರಷ್ ಅದ್ದಿ ಗಿರಾಕಿಯ ಗಲ್ಲಕ್ಕೆ ಹಚ್ಚಿದರೆ ಮುಖವೇ ಕಾಣದಷ್ಟು ನೊರೆ! ಅಕ್ಕ ಸಲೂನಿನ ಬಾಗಿಲಲ್ಲಿ ನಿಂತು ಅದನ್ನು ನೋಡಿ, ನೊರೆಯನ್ನು ತಾನೇ ಮಾಡಿದವಳ ಹಾಗೆ ಬೀಗಿದಳು. ಒಂದು ಮಳೆಗಾಲ ಕಳೆಯುವವರೆಗೆ ಎಲ್ಲ ಸರಿ ಇತ್ತು. ಆಮೇಲೆ ನೊರೆ ಕಡಿಮೆಯಾಯಿತು. ಆಮೇಲೆ ನಾಲಿಗೆಗೂ ಗೊತ್ತಾಯಿತು. ಏನಾಗಿದೆ ಎಂದು ನಿಮ್ಮದೇ ಪ್ಲಂಬರು ನನ್ನ ಕುರ್ಚಿಯಲ್ಲಿ ಕೂತು ಹೇಳಿದ. ಕತ್ತಿ ಗಂಟಲ ಮೇಲಿರುವಾಗ ಜನ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಸ್ಥಾವರದ ನೀರು ಈಗ ಗುಡ್ಡದಾಚೆಯ ಕಾರ್ಖಾನೆಗಳಿಗೂ ಹೊಸ ಹೋಟೆಲಿನ ಈಜುಕೊಳಕ್ಕೂ ಹೋಗುತ್ತಿದೆಯಂತೆ. ನಮ್ಮ ನಲ್ಲಿಗೆ ದಂಡೆಯ ಮೇಲಿನ ಹಳೆಯ ಬೋರ್‌ವೆಲ್ಲನ್ನು ಜೋಡಿಸಿದ್ದೀರಂತೆ. ನೀವು ಬೇರ್ಪಡಿಸಿದ ಗಟ್ಟಿ ಉಪ್ಪುನೀರನ್ನು ಬಿಡುವುದೂ ಅದೇ ದಂಡೆಗೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯುಂಟು. ಚಿಂತೆ ಬೇಡ ಮಾನ್ಯರೇ, ಖಂಡಿತ ನೆನೆಯುತ್ತೇವೆ.

ಪರಿಶೀಲನೆಯ ಕಥೆಯನ್ನೂ ಕೇಳಿಬಿಡಿ. ತಮ್ಮ ಇನ್‌ಸ್ಪೆಕ್ಟರು ಬಂದವರು ನಲ್ಲಿಯನ್ನು ದೂರದಿಂದಲೇ ನೋಡಿ, ಹೇಗೂ ಬಂದಾಗಿದೆ ಎಂದು ಗಡ್ಡ ತೆಗೆಸಲು ನನ್ನ ಅಂಗಡಿಗೆ ನುಗ್ಗಿದರು. ನಾನು ನಲ್ಲಿ ನೀರಲ್ಲೇ ಸೋಪು ತಿಕ್ಕಿದೆ. ತಿಕ್ಕಿದೆ, ತಿಕ್ಕಿದೆ, ನೊರೆಯ ಸುಳಿವಿಲ್ಲ. ಅವರು ಕಣ್ಣು ಬಿಟ್ಟು, ಚೀಲದಿಂದ ಬಾಟಲಿ ತೆಗೆದು, “ಮುಖಕ್ಕೆ ಈ ನೀರು ಹಾಕಪ್ಪಾ, ನನ್ನ ಚರ್ಮ ಸ್ವಲ್ಪ ಸೂಕ್ಷ್ಮ” ಎಂದರು. ಕುಡಿಯಲು ಯೋಗ್ಯವಾದ ನೀರು ಗಡ್ಡಕ್ಕೆ ಅಯೋಗ್ಯವಾಗುವುದು ಯಾವ ನಿಯಮದ ಪ್ರಕಾರ? ಅವರ ಗಲ್ಲಕ್ಕಿಂತ ನಮ್ಮ ಹೊಟ್ಟೆಯ ಚರ್ಮ ದಪ್ಪವೆಂದೇ?

ಈಗ ಬೀದಿಯಲ್ಲಿ ಕೈಲಾದವರು ಕ್ಯಾನ್ ನೀರು ತರಿಸುತ್ತಾರೆ. ಆಗದವರು ದೊಡ್ಡ ರಸ್ತೆ ದಾಟಿ ಹೋಗಿ ಹೊತ್ತು ತರುತ್ತಾರೆ. ಹೊತ್ತು ತರುವಾಗ ಅಕ್ಕನ ಮನೆ ಮುಂದೆ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತಾರೆ, ಅವಳಿಗೆ ಕೇಳಲಿ ಎಂದು. “ಯಾರದೋ ಮಾತು ಕಟ್ಕೊಂಡು ಬಾವಿಗೆ ಮಣ್ಣು ಹಾಕಿದ್ವಿ. ಯಾರ ಬಾಯಿಗೆ ಬೆಣ್ಣೆ ಬಿತ್ತೋ ಏನೋ” ಎಂದು ಮೂಲೆಮನೆಯಾಕೆ ಒಮ್ಮೆ ಅಂದಳು. ಅವಳ ಮದುವೆಯ ರವಿಕೆ ಹೊಲಿದವಳು ನನ್ನ ಅಕ್ಕ. ಈಗ ಹೊಲಿಗೆಗೂ ಯಾರೂ ಬರುವುದಿಲ್ಲ. ‘ಬಾವಿಯಕ್ಕ’ ಎಂಬ ಹೆಸರು ಮಾತ್ರ ಹಾಗೇ ಇದೆ, ಕರೆಯುವ ದನಿ ಬೇರೆ.

ಇದಕ್ಕೆ ಅಕ್ಕ ಏನು ಮಾಡಿದಳು ಗೊತ್ತೇ? ದಿನಾ ಬೆಳಿಗ್ಗೆ, ಜನ ಓಡಾಡುವ ಹೊತ್ತಿಗೆ, ಲೋಟ ಹಿಡಿದು ಬೀದಿಯ ನಲ್ಲಿಯ ಹತ್ತಿರ ಬರುತ್ತಾಳೆ. ತುಂಬಿಸಿ, ಎಲ್ಲರೆದುರು ನಿಂತು, ಮುಖದ ಒಂದು ಗೆರೆಯೂ ಅಲುಗದ ಹಾಗೆ ಕುಡಿಯುತ್ತಾಳೆ. “ಚೆನ್ನಾಗೇ ಇದೆ” ಎನ್ನುತ್ತಾಳೆ. ಮನೆಯಲ್ಲಿ ಕುಡಿಯುವುದೂ ಅದನ್ನೇ. ಕಾಲು ಊದಿಕೊಂಡಿತು, ತಲೆ ಸುತ್ತು ಬಂತು. ಡಾಕ್ಟರು ರಕ್ತದೊತ್ತಡ ನೋಡಿ ಗಾಬರಿಯಾಗಿ, ಉಪ್ಪು ಪೂರ್ತಿ ಬಿಡಬೇಕು ಎಂದರು. ಬಿಟ್ಟಳು. ಚಿಟಿಕೆ ಉಪ್ಪಿಲ್ಲದ ಅನ್ನವನ್ನು ತಿಂಗಳುಗಟ್ಟಲೆ ನುಂಗಿದಳು. ಒತ್ತಡ ಇಳಿಯಲಿಲ್ಲ. “ಇವರ ಮೈಗೆ ಇಷ್ಟು ಉಪ್ಪು ಎಲ್ಲಿಂದ ಬರ್ತಿದೆ?” ಎಂದು ಡಾಕ್ಟರು ನನ್ನನ್ನು ಕೇಳಿದರು. ನನಗೆ ಗೊತ್ತಿತ್ತು. ನಿಮಗೂ ಗೊತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ತಿಂದವರು ಯಾರೋ, ಕುಡಿಯುತ್ತಿರುವವಳು ನನ್ನ ಅಕ್ಕ.

ನಾನು ಕ್ಯಾನ್ ನೀರು ತಂದಿಟ್ಟರೆ ಪಕ್ಕದ ಮನೆಯ ಬಾಣಂತಿಗೆ ಕೊಟ್ಟುಬಿಡುತ್ತಾಳೆ. ಕೂಗಾಡಿದೆ, ಅತ್ತು ಕಾಲಿಗೂ ಬಿದ್ದೆ.

“ನಾನೇ ಉಪ್ಪು ಅಂದ್ಬಿಟ್ರೆ ಮುಗೀತಲ್ಲೋ” ಎಂದಳು. “ಅವರು ಹೇಳಿದ್ದು ಸುಳ್ಳು ಅಂತ ಆಯ್ತು, ನಾನು ಹೇಳಿದ್ದೂ ಸುಳ್ಳು ಅಂತ ಆಯ್ತು. ಸ್ವಲ್ಪ ತಡಿ. ಅವರಿಗೆ ಏನು ತಾಪತ್ರಯವೋ. ಸರಿ ಮಾಡ್ತಾರೆ.”

ಮಾನ್ಯರೇ, ಈ ಲೋಕದಲ್ಲಿ ನಿಮ್ಮನ್ನು ಇನ್ನೂ ನಂಬಿರುವ ಜೀವ ಅದೊಂದೇ, ಆ ನಂಬಿಕೆಯೇ ಅದನ್ನು ಕೊಲ್ಲುತ್ತಿದೆ. ನನಗೆ ನಿಮ್ಮ ಮೇಲಿರುವುದು ಬರೀ ಸಿಟ್ಟಲ್ಲ. ಹೊರಗಿನವರು ಮೋಸ ಮಾಡಿದರೆ ಸಿಟ್ಟು ಬರುತ್ತದೆ. ನೀವು ಅಕ್ಕ ಎಂದು ಕರೆದು ಮೋಸ ಮಾಡಿದಿರಿ.

ಹಾಗಾದರೆ ನನ್ನ ಬೇಡಿಕೆ ಏನು? ಸ್ಥಾವರದ ನೀರನ್ನು ನಮ್ಮ ನಲ್ಲಿಗೆ ವಾಪಸು ಜೋಡಿಸಬೇಕು. ಅದು ಬೀದಿಯ ಹಕ್ಕು, ಅದಕ್ಕೆ ಬೀದಿ ಹೋರಾಡುತ್ತದೆ. ಆದರೆ ನಿಮ್ಮ ಕಚೇರಿಯ ಕೆಲಸದ ವೇಗ ನನಗೆ ಗೊತ್ತು, ಅಕ್ಕನ ಹತ್ತಿರ ಅಷ್ಟು ಕಾಲ ಇಲ್ಲ. ಆದ್ದರಿಂದ ನಾನು ಕೇಳುವುದು ಚಿಕ್ಕದು. ಒಂದು ಬೆಳಿಗ್ಗೆ ಬನ್ನಿ. ಶೂ ಬಿಚ್ಚಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ. ನಲ್ಲಿಯ ಹತ್ತಿರ, ಬೀದಿಯವರೆದುರು, ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿಯಿರಿ. ಕುಡಿದು, ಮುಖ ಕಿವುಚಿ, “ಅಕ್ಕಾ, ಇದು ಉಪ್ಪು” ಎಂದು ಹೇಳಿ. ನಾನು ಹೇಳಿದರೆ ಅವಳು ಕೇಳುವುದಿಲ್ಲ, ಡಾಕ್ಟರು ಹೇಳಿದರೂ ಕೇಳಲಿಲ್ಲ. ನೀವು ಹೇಳಿದರೆ ಲೋಟ ಕೆಳಗಿಡುತ್ತಾಳೆ.

ಇಂತಿ,
ನೀವೇ ಕಟ್ಟಿಕೊಂಡ ಸಂಬಂಧದ ಪ್ರಕಾರ ನಿಮಗೂ ಒಡಹುಟ್ಟಿದವನಾದ,
ನೊರೆಯಿಲ್ಲದ ಸಲೂನಿನವನು