ನಾನು ನಂಬದ ಟೆಲಿಗ್ರಾಂ

ಪ್ರೀತಿಯ ಎಂದು ಬರೆಯಲು ಕೈ ಬರುತ್ತಿಲ್ಲ. ಬರೀ ಅಪ್ಪಯ್ಯ,

ನಾಳೆ ನಿಮ್ಮ ವರ್ಷಾಂತಿಕ. ಕುಂದಾಪುರದಿಂದ ನೆಂಟರೆಲ್ಲ ನಾಸಿಕಕ್ಕೆ ಬಂದು ನಮ್ಮ ಹೋಟೆಲಿನ ಮಹಡಿಯಲ್ಲಿ ಇಳಿದುಕೊಂಡಿದ್ದಾರೆ. ಬಂದವರೆಲ್ಲ ನನ್ನ ತಲೆ ಸವರಿ, "ಪಾಪ, ಅಪ್ಪನ ಮುಖ ನೋಡುದಕ್ಕೂ ಸಿಕ್ಕಲಿಲ್ಲ ಇವಳಿಗೆ" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಸಿಕ್ಕಲಿಲ್ಲ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಯೇವಲಾದ ಪೈಠಣಿ ಸೀರೆ ವ್ಯಾಪಾರಿ ನಮ್ಮಲ್ಲಿ ಕಾಫಿ ಕುಡಿಯುತ್ತಾ, ಕ್ಯಾಲೆಂಡರಿಗೆ ನಿಮ್ಮ ಮಗಳ ಫೋಟೊ ಬೇಕು ಎಂದು ಕೇಳಿದ ದಿನ ನೆನಪಿದೆಯೇ? ನಾನು ನಾಚಿ ಒಳಗೆ ಓಡಿದ್ದೆ. ಹೂಂ ಎಂದವರು ನೀವು. ಆ ಕ್ಯಾಲೆಂಡರನ್ನು ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲೇ ತೂಗುಹಾಕಿ, ವರ್ಷ ಮುಗಿದರೂ ತೆಗೆಯಲಿಲ್ಲ. ಔರಂಗಾಬಾದಿನ ದೊಡ್ಡ ಹೋಟೆಲಿನಲ್ಲಿ, ಅಜಂತಾ ನೋಡಲು ಬಂದ ವಿದೇಶಿಯರ ಮುಂದೆ ಸೀರೆ ಉಟ್ಟು ನಡೆಯುವ ಕೆಲಸ ಸಿಕ್ಕಾಗಲೂ ನೀವೇ ಬಸ್ಸು ಹತ್ತಿಸಿದಿರಿ. "ನಮ್ಮ ಹುಡುಗಿ ಮಾಡೆಲ್" ಎಂದು ಗಿರಾಕಿಗಳಿಗೆ ಹೇಳುವಾಗ ನಿಮ್ಮ ಎದೆ ಒಂದು ಗೇಣು ಉಬ್ಬುತ್ತಿತ್ತು.

ಅಲ್ಲೇ ಒಂದು ಸಂಜೆ, ಷೋದ ನಡುವೆ ರಾಕ್ ನುಡಿಸುತ್ತಿದ್ದ ಬೆಲ್‌ಬಾಟಂ ಹುಡುಗರ ತಂಡದಲ್ಲಿ ಹಾಡುವವನಿಗೆ ಗಂಟಲು ಕಟ್ಟಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈಕಿನ ಮುಂದೆ ನಿಂತೆ. ಮೂರು ಹಾಡು. ಅಷ್ಟು ದಿನ ಬರೀ ನೋಡುತ್ತಿದ್ದ ಜನ ಅವತ್ತು ನನ್ನ ದನಿ ಕೇಳಿದರು, ಅಪ್ಪಯ್ಯ. ಮನೆಗೆ ಓಡಿಬಂದು ಹೇಳಿದರೆ ನೀವು ಲೋಟ ಕುಕ್ಕಿದಿರಿ. "ಮುಖ ತೋರಿಸುದು ಬೇರೆ ಮಾರಾಯ್ತಿ. ಗಂಡಸರ ನಡುವೆ ನಿಂತು ಹೀಂಗೆ ಬೊಬ್ಬೆ ಹಾಕುದು ಬೇರೆ." ಅಂದರೆ ನಾನು ಬಾಯಿ ಮುಚ್ಚಿಕೊಂಡಿರುವಷ್ಟು ಕಾಲ ಮಾತ್ರ ನಿಮ್ಮ...

ಆದರೂ ನಾನು ಆ ತಂಡದಲ್ಲಿ ಹಾಡುತ್ತಲೇ ಇದ್ದೆ. ಮುಂಬೈಯ ರೆಕಾರ್ಡ್ ಕಂಪನಿಯವರು ನನ್ನ ಹಾಡು ಕೇಳಲು ಔರಂಗಾಬಾದಿಗೆ ಬರಬೇಕಿದ್ದ ದಿನ, ಬೆಳಿಗ್ಗೆಯೇ ನಿಮ್ಮ ಟೆಲಿಗ್ರಾಂ ಬಂತು. ತಾಯಿ ಸೀರಿಯಸ್, ಕೂಡಲೇ ಹೊರಡು. ಸಿಕ್ಕ ಬಸ್ಸು ಹತ್ತಿ ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅಮ್ಮ ಅಡುಗೆಮನೆಯಲ್ಲಿ ಉದ್ದಿನಬೇಳೆ ಆರಿಸುತ್ತಾ ಕೂತಿದ್ದಳು. ತಾನು ಸೀರಿಯಸ್ ಎಂಬುದು ಅವಳಿಗೇ ಗೊತ್ತಿರಲಿಲ್ಲ! ನೀವು ಗಲ್ಲಾದಿಂದ ಏಳಲೂ ಇಲ್ಲ. "ಬಂದ್ಯಲ್ಲ, ಸಾಕು. ಕೈಕಾಲು ತೊಳ್ಕೊಂಡು ಉಣ್ಣು" ಎಂದಿರಿ. ಬದುಕಿರುವ ಹೆಂಡತಿಯನ್ನು ಸಾಯಲು ಮಲಗಿಸಿ ಸುಳ್ಳು ಕಳಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು? ತೋಳ ಬಂತು ತೋಳ ಕಥೆಯನ್ನು ನನಗೆ ಹೇಳಿದವರೇ ನೀವಲ್ಲವೇ? ಕಂಪನಿಯವರು ಮತ್ತೆ ಬರಲಿಲ್ಲ. ನಾನು ಮರುದಿನವೇ ಔರಂಗಾಬಾದಿಗೆ ಹೊರಟೆ, ನೀವಿರುವ ತನಕ ಮತ್ತೆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ, ಅಲ್ಲಿನ ಕಾಲೇಜೊಂದರಲ್ಲಿ ಇನ್ನೇನು ಸ್ಟೇಜು ಹತ್ತಬೇಕು, ಅಷ್ಟರಲ್ಲಿ ಜವಾನ ಬಂದು "ಬಾಯಿ, ಘರಚೀ ತಾರ ಆಲೀ" ಎಂದು ಮನೆಯಿಂದ ಬಂದ ಟೆಲಿಗ್ರಾಂ ಕೊಟ್ಟ. ತಂದೆ ಸೀರಿಯಸ್, ಕೂಡಲೇ ಹೊರಡು. ಅದೇ ಮಾತು, ತಾಯಿ ಇದ್ದ ಜಾಗದಲ್ಲಿ ತಂದೆ. ನಾನು ನಕ್ಕೆ. ತಂಡದ ಗಿಟಾರಿನವನಿಗೆ ತೋರಿಸಿ, "ಈ ಸಲ ಅವರದೇ ಸರದಿ" ಎಂದೆ. ಕಾಗದ ಮುದುರಿ ಎಸೆದೆ. ಮರುದಿನ ಬಂದ ಟೆಲಿಗ್ರಾಂನಲ್ಲಿ ಸೀರಿಯಸ್ ಎಂಬ ಪದ ಇರಲಿಲ್ಲ. ನಾನು ಬರುವಷ್ಟರಲ್ಲಿ ಗೋದಾವರಿ ದಡದಲ್ಲಿ ಎಲ್ಲ ಮುಗಿದಿತ್ತು. ಹಿಂದಿನ ದಿನ ಇಡೀ ಮಧ್ಯಾಹ್ನ ನೀವು ಬಾಗಿಲನ್ನೇ ನೋಡುತ್ತಿದ್ದಿರಿ ಎಂದು ಅಣ್ಣ ಹೇಳಿದ. ಯಾರು ಬರಬೇಕಿತ್ತು? ನಿಮ್ಮ ಒಂದು ಮಾತಿಗೆ ಅಳುತ್ತಾ ಓಡಿಬರುವ ಮಗಳನ್ನು ನೀವೇ ಕೈಯಾರೆ...

ಅವತ್ತಿನಿಂದ ಅಮ್ಮ, "ಟೆಲಿಗ್ರಾಂ ಅವಳ ಕೈಗೆ ಸಿಕ್ಕಲೇ ಇಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಕಾಪಾಡುತ್ತಿರುವುದು ನನ್ನನ್ನೋ, ನಿಮ್ಮನ್ನೋ? ಈ ಮನೆಯಲ್ಲಿ ಇನ್ನೊಂದು ಸುಳ್ಳು ನನಗೆ ಬೇಡ. ನಾಳೆ ಎಲ್ಲರೂ ಎಲೆಯ ಮುಂದೆ ಕೂತಾಗ ನಾನೇ ಹೇಳುತ್ತೇನೆ. ಸಿಕ್ಕಿತ್ತು, ಓದಿದೆ, ನಂಬಲಿಲ್ಲ, ಯಾಕೆ ನಂಬಲಿಲ್ಲವೆಂದರೆ ಹೀಗೆ. ಬೈಯುವವರು ಬೈಯಲಿ. ಅಮ್ಮ ಅಳುತ್ತಾಳೆ, ಗೊತ್ತು.

ಅವರಿಗೆ ಹೇಳಲಾಗದ್ದು ಒಂದಿದೆ. ನೀವು ಬಾಗಿಲು ನೋಡುತ್ತಿದ್ದ ಹೊತ್ತಿನಲ್ಲಿ ನಾನು ಏಳು ಹಾಡು ಹಾಡಿದೆ. ಅಷ್ಟು ಚೆನ್ನಾಗಿ ಅದಕ್ಕೆ ಮೊದಲು ಹಾಡಿರಲಿಲ್ಲ, ಅಪ್ಪಯ್ಯ. ಆಮೇಲೂ ಹಾಡಿಲ್ಲ.

ವಾರಿಜ