ತಾವು ಬಾರದ ದಿನವನ್ನೂ ತಿಳಿಸಿ

ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಬೇಕಿದ್ದು ಅಲಂಕರಿಸದೇ ಹೋದ ಶಾಸಕರೇ, ಮಡಚದೆ ಉಳಿದ ಬಾಡಿಗೆ ಕುರ್ಚಿಗಳೇ, ಶಾಮಿಯಾನದ ಕಂಬಗಳೇ, ಹೊಸಪೇಟೆ–ಸಂಡೂರು ರಸ್ತೆಯ ಎರಡೂ ಬದಿಗೆ ಒಂದೇ ಬಣ್ಣದಲ್ಲಿ ಕುಳಿತಿರುವ ನಾಗರಿಕ ಬಂಧುಗಳೇ,

ಮಾನ್ಯರೇ, ನಮ್ಮ ದೂರು ಸಣ್ಣದು. ತಾವು ಬರುವ ದಿನ ನಮಗೆ ಗೊತ್ತಾಗುತ್ತದೆ. ಬರುವುದು ರದ್ದಾದರೆ ಗೊತ್ತಾಗುವುದಿಲ್ಲ. ಹೋದ ತಿಂಗಳು ಹಾಗೆ ಗೊತ್ತಾಗದೆ ನಮ್ಮೂರಿನ ಗಂಗಾಂಬಿಕಾ ಎಂಬ ಮತದಾರರೊಬ್ಬರು ಅದಿರು ಲಾರಿಗೆ ಸಿಕ್ಕಿ ತೀರಿಕೊಂಡರು. ಸಾರ್ವಜನಿಕರ ಪರವಾಗಿ ಈ ಪತ್ರ.

ತಾವು ಬರುವುದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಬಹುದು. ರಸ್ತೆ ತೊಯ್ದಿರುತ್ತದೆ. ಅದಿರಿಗೆ ಚೀನಾದಲ್ಲಿ ಬೆಲೆ ಬಂದಾಗಿನಿಂದ ಈ ರಸ್ತೆಯಲ್ಲಿ ಲಾರಿಗಳ ಸಾಲು ಕಡಿದದ್ದಿಲ್ಲ. ಗುಡ್ಡ ಕರಗಿ ಹಡಗು ಏರಿತು, ಧೂಳು ಮಾತ್ರ ನಮಗೆ ಸೇರಿತು. ಆ ಧೂಳಿಗೆ ನೀರು ಹೊಡೆಯುವ ಟ್ಯಾಂಕರ್ ಬರುವುದು ತಾವು ಬರುವ ದಿನ ಮಾತ್ರ. ತಮ್ಮ ಬಿಳಿ ಬಟ್ಟೆಯ ಬಗ್ಗೆ ಇಲಾಖೆಗೆ ಇರುವ ಕಾಳಜಿ ಮೆಚ್ಚುವಂಥದ್ದು. ಅಂದು ಪೊಲೀಸರು ಲಾರಿಗಳನ್ನು ಮೇಲೆ ಗಣಿಯ ಗೇಟಿನಲ್ಲೇ ತಡೆಯುತ್ತಾರೆ. ತಮ್ಮ ಕಾರು ಬಂದು ವಾಪಸು ಹೋಗುವವರೆಗೆ ಬಿಡುವುದಿಲ್ಲ. ರಸ್ತೆ ತೊಯ್ದಿದ್ದರೆ ಲಾರಿ ಇಲ್ಲ, ದಾಟಬಹುದು. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳುವವರು ಇಲ್ಲದ ಕಡೆ ಜನ ರಸ್ತೆ ನೋಡಿ ಕಲಿಯುತ್ತಾರೆ.

ಗಂಗಾಂಬಿಕಾ ಅವರ ಮನೆ ರಸ್ತೆಯ ಈಚೆಗೆ. ತಾಯಿ ಮರುಳಸಿದ್ದಮ್ಮನವರ ಮಂಡಕ್ಕಿ–ಮಿರ್ಚಿ ಅಂಗಡಿ ಸರಿಯಾಗಿ ಎದುರಿಗೆ, ಆಚೆಗೆ. ಉಳಿದ ದಿನಗಳಲ್ಲಿ ಆ ಮಂಡಿನೋವಿನ ತಾಯಿಯೂ ಹೆದರುವ ಮಗಳೂ ಲಾರಿಗಳ ಸಂದಿನಲ್ಲಿ ಕೈ ಬೀಸಿಕೊಳ್ಳುವುದಷ್ಟೇ. ತಮ್ಮ ಆಗಮನವನ್ನು ಮನಸಾರೆ ಹಾರೈಸುತ್ತಿದ್ದವರು ಇಡೀ ಕ್ಷೇತ್ರದಲ್ಲಿ ಇವರಿಬ್ಬರೇ ಎಂದರೆ ತಾವು ಬೇಸರಿಸಬಾರದು.

ಅಂದು ಬೆಳಿಗ್ಗೆ ರಸ್ತೆ ತೊಯ್ದಿತ್ತು. ತಾಯಿ ಆಚೆಯಿಂದ ಕೂಗಿದರು: “ಲೇ ಗಂಗಾ, ಬಾರಲೇ! ಇವತ್ತು ನಿಮ್ಮ ಶಾಸಕಪ್ಪ ಬರ್ತಾನಂತ!”

“ಬಂದೆ ತಡಿಯವ್ವ! ಬಿಸಿ ಮಿರ್ಚಿ ತಗದಿಡು. ನಿನ್ನೆವು ಕೊಟ್ರ ಆ ಶಾಸಕಗ ಹೇಳ್ತೀನಿ.”

ಗುರೆಳ್ಳು ಪುಡಿಯ ಡಬ್ಬಿ ಹಿಡಿದು ದಾಟಿದರು. ತಾಯಿಯ ಪಕ್ಕ ಕುಳಿತು ಮಿರ್ಚಿ ತಿಂದರು. ಹೊರಡುವಾಗ ಮರುಳಸಿದ್ದಮ್ಮ ತಡೆದರಂತೆ: “ಇನ್ನಾ ಕುಂದ್ರು. ಕಾರೇ ಬಂದಿಲ್ಲ, ಲಾರಿ ಎಲ್ಲಿ ಬಿಡ್ತಾರ?”

“ಒಲಿ ಮ್ಯಾಲೆ ಬ್ಯಾಳಿ ಇಟ್ಟೀನವ್ವ. ಮತ್ತ ಬರ್ತೀನಿ, ಸಂಜೀತನಕ ಇದು ನಮ್ಮದಾ ರಸ್ತೆ.”

ಅಷ್ಟರಲ್ಲಿ ತಮ್ಮ ಕಾರ್ಯಕ್ರಮ ರದ್ದಾಗಿತ್ತು. ತಡೆದಿದ್ದ ಲಾರಿಗಳನ್ನೆಲ್ಲ ಒಟ್ಟಿಗೆ ಬಿಟ್ಟಿದ್ದರು. ತಿರುವಿನಲ್ಲಿ ತಮ್ಮ ಎರಡಾಳೆತ್ತರದ ಫ್ಲೆಕ್ಸ್ ನಿಂತಿದ್ದರಿಂದ ಲಾರಿ ಕಾಣಲಿಲ್ಲ. ಸ್ವಾಗತದ ಡೊಳ್ಳಿನವರು ಬಾರಿಸುತ್ತಲೇ ಇದ್ದುದರಿಂದ ಕೇಳಿಸಲೂ ಇಲ್ಲ. ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ಚಾಲಕ ಬ್ರೇಕ್ ಹಾಕಿದ. ತೊಯ್ದ ಅದಿರಿನ ಕೆಸರಿನ ಮೇಲೆ ಅದು ಹಿಡಿಯಲಿಲ್ಲ. ಇಷ್ಟೇ ನಡೆದದ್ದು. ಮದುವೆ ಪತ್ರಿಕೆಗಳಿಗೆ ಪ್ರಾಸ ಕಟ್ಟಿ ಬದುಕುವವನು ನಾನು. ಇದಕ್ಕೆ ಯಾವ ಪ್ರಾಸವೂ ಹೊಂದಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ತಮ್ಮ ಕಚೇರಿಗೆ ಹೋದೆ. ಆಪ್ತ ಸಹಾಯಕರು ಕುಂದ್ರಿ ಎಂದರು, ಚಹಾ ತರಿಸಿದರು.

“ಕ್ಯಾನ್ಸಲ್ ಆದಕೂಡ್ಲೆ ಪೊಲೀಸ್ರಿಗೆ ಹೇಳಿದ್ವಿರಿ. ಲಾರಿ ಮಾಲಕರ ಸಂಘಕ್ಕ ಹೇಳಿದ್ವಿ. ಹಾರದ ಅಂಗಡಿಗೂ ಫೋನ್ ಹೋಗೈತಿ.”

“ಊರ ಮಂದಿಗೆ?”

ಅವರು ನಿಜವಾಗಿಯೂ ಯೋಚಿಸಿದರು. “ಕಾರ್ಯಕ್ರಮ ಇದ್ರ ಮಂದಿಗೆ ಹೇಳ್ತೀವ್ರಿ ಸರ. ಇಲ್ಲ ಅಂದಮ್ಯಾಲೆ ಏನಂತ ಹೇಳಾದು?”

ನನಗೆ ಸಿಟ್ಟು ಬರಲಿಲ್ಲ. ಚಹಾ ಕುಡಿದು ಎದ್ದೆ.

ಆದರೂ ಕೇಳುತ್ತೇನೆ. ಯುಗಾದಿಯ ಬೆಳಿಗ್ಗೆ ನಾವು ಹಾಸಿಗೆ ಬಿಡುವ ಮೊದಲೇ ತಮ್ಮ ಶುಭಾಶಯದ ಎಸ್ಸೆಮ್ಮೆಸ್ ಪ್ರತಿ ಮೊಬೈಲಿಗೂ ಬರುತ್ತದೆ. ಬೇವು–ಬೆಲ್ಲದ ಸುದ್ದಿ ತಲುಪುವ ದಾರಿಯಲ್ಲಿ ಲಾರಿಯ ಸುದ್ದಿ ತಲುಪದೆ? ತಮ್ಮ ಹುಟ್ಟುಹಬ್ಬಕ್ಕೆ ಓಣಿ ಓಣಿ ಸುತ್ತುವ ಮೈಕಿನ ಆಟೋ ಅಂದು ಎಲ್ಲಿತ್ತು? ಹಾರದ ಅಂಗಡಿಯವನು ನಷ್ಟಪಡಬಾರದೆಂಬ ಎಚ್ಚರ ರಸ್ತೆ ದಾಟುವವರ ಪಾಲಿಗೆ ಯಾಕಿಲ್ಲ?

ಬೈಪಾಸ್ ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ. ಲಾರಿ ತಡೆದಾಗ ತಿಳಿಸಿ. ಬಿಡುವ ಮುನ್ನ ತಿಳಿಸಿ, ತಿಳಿಸಿದ ಮೇಲೆಯೇ ಬಿಡಿಸಿ. ಆ ಆಟೋ ಊರೊಳಗೆ ಬಂದು “ಶಾಸಕರು ಬರುವುದಿಲ್ಲ, ಲಾರಿ ಬರುತ್ತವೆ” ಎಂದರೆ ಸಾಕು. ತಿರುವಿನ ಫ್ಲೆಕ್ಸ್ ತೆಗೆಸಿ. ಅದು ಇನ್ನೂ ಅಲ್ಲೇ ಇದೆ, ತಾವು ನಗುತ್ತಿದ್ದೀರಿ.

ಇವತ್ತು ಬೆಳಿಗ್ಗೆ ರಸ್ತೆ ಮತ್ತೆ ತೊಯ್ದಿತ್ತು. ನಾನು ಬಾಗಿಲಲ್ಲಿ ನಿಂತು ಒಳಗೆ ಕೂಗಿದೆ: “ಗಂಗಾ, ರಸ್ತೆ ತೊಯ್ದೈತಿ ನೋಡು, ನಿಮ್ಮವ್ವನ ಕಡೆ ಹೋಗಿ ಬಾ.”

ಸಾರ್ವಜನಿಕರ ಪರವಾಗಿ ಎಂದು ಬರೆದದ್ದು ಸುಳ್ಳು, ಮಾನ್ಯರೇ. ಅವಳು ನನ್ನ ಹೆಂಡತಿ.

ಇಂತಿ,
ಆಚೆಗಿರುವ ಮರುಳಸಿದ್ದಮ್ಮನ ಅಳಿಯ, ಈಚೆಗಿರುವ
ಅಂದಾನಪ್ಪ, ಬಿ.ಎ.